ಪೂರ್ವಪಕ್ಷದಲ್ಲಿ ಉಳಿದ ನಾಸ್ತಿಕರು : ಲೋಕಾಯತ ಮತ್ತು ಜೈನ ಗ್ರಂಥಭಂಡಾರಗಳು

ಭಾರತೀಯ ದರ್ಶನಗಳ ಇತಿಹಾಸದಲ್ಲಿ ಲೋಕಾಯತದ ಸ್ಥಿತಿ ವಿಚಿತ್ರವಾದುದು. ಅದರ ಹೆಸರನ್ನು ಅರಿಯದ ದರ್ಶನಕಾರನಿಲ್ಲ. ಅದನ್ನು ಖಂಡಿಸದ ಶಾಸ್ತ್ರವಿಲ್ಲ. ಆದರೆ ಬೃಹಸ್ಪತಿಯದೆಂದು ಹೇಳಲಾಗುವ ಅದರ ಮೂಲಸೂತ್ರಗ್ರಂಥವಾಗಲಿ, ಅದರ ಮೇಲೆ ರಚಿತವಾಗಿದ್ದ ವ್ಯಾಖ್ಯಾನಗಳಾಗಲಿ ಇಂದಿನವರೆಗೆ ಇಡಿಯಾಗಿ ದೊರೆತಿಲ್ಲ. ವ್ಯಾಖ್ಯಾನಗಳಿದ್ದುದಂತೂ ನಿಶ್ಚಯ. ಪತಂಜಲಿಯ ಮಹಾಭಾಷ್ಯವು ಲೋಕಾಯತಕ್ಕೆ ಸಂಬಂಧಿಸಿದ ಭಾಗುರಿಯೆಂಬ ವಿವರಣಗ್ರಂಥವನ್ನು ಹೆಸರಿಸುತ್ತದೆ. ಕೌಟಿಲ್ಯನು ಸಾಂಖ್ಯ ಮತ್ತು ಯೋಗಗಳೊಡನೆ ಲೋಕಾಯತವನ್ನೂ ಆನ್ವೀಕ್ಷಿಕೀ ವಿದ್ಯೆಯಲ್ಲಿ ಎಣಿಸುತ್ತಾನೆ. ಪುರಂದರ, ಕಂಬಲಾಶ್ವತರ, ಅವಿದ್ಧಕರ್ಣ, ಉದ್ಭಟ ಮೊದಲಾದ ಆಚಾರ್ಯರ ಹೆಸರುಗಳು ಅನ್ಯದರ್ಶನಗಳ ಗ್ರಂಥಗಳಲ್ಲಿ ಅಲ್ಲಲ್ಲಿ ಬರುತ್ತವೆ. ಹೀಗಿದ್ದೂ ಪರಲೋಕವನ್ನು ಒಪ್ಪದ ಈ ಜನರ ಮಾತನ್ನು ಇಂದು ಅರಿಯಬೇಕಾದರೆ, ಅದನ್ನು ಒಪ್ಪಿದವರ ಓಲೆಗರಿಗಳನ್ನೇ ಬಿಚ್ಚಬೇಕಾಗಿದೆ. ಆ ಓಲೆಗರಿಗಳಲ್ಲಿ ಜೈನರವು ಎಷ್ಟು, ಅವುಗಳಲ್ಲಿ ಉಳಿದು ಬಂದುದು ಏನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಪ್ರಕೃತ ಲೇಖನದ ವಿಷಯ.

ನಾಸ್ತಿಕ ಶಬ್ದದ ವಿಚಾರ

ಮೊದಲು ಶಬ್ದವನ್ನು ಪರಿಶೀಲಿಸುವುದು ಅಗತ್ಯ. ಪಾಣಿನಿಯು ಅಷ್ಟಾಧ್ಯಾಯಿಯ 4-4-60ನೆಯ ಸೂತ್ರದಲ್ಲಿ ಆಸ್ತಿಕ, ನಾಸ್ತಿಕ, ದೈಷ್ಟಿಕ ಎಂಬ ಮೂರು ಪದಗಳನ್ನು ಸಾಧಿಸುತ್ತಾನೆ. 'ಇದೆ' ಎಂಬ ಬುದ್ಧಿಯುಳ್ಳವನು ಆಸ್ತಿಕ, 'ಇಲ್ಲ' ಎಂಬ ಬುದ್ಧಿಯುಳ್ಳವನು ನಾಸ್ತಿಕ. ಏನು ಇದೆ, ಏನು ಇಲ್ಲ ಎಂಬುದನ್ನು ಸೂತ್ರ ಹೇಳುವುದಿಲ್ಲ. ಕಾಶಿಕಾವೃತ್ತಿಯು ಅಲ್ಲಿ 'ಪರಲೋಕ' ಎಂದು ತುಂಬಿಕೊಳ್ಳುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಾದರೋ ವೇದವನ್ನು ನಿಂದಿಸುವವನೇ ನಾಸ್ತಿಕನೆಂಬ ಬೇರೊಂದು ಅರ್ಥ ಕಾಣುತ್ತದೆ. ಈಶ್ವರನನ್ನು ಒಪ್ಪದವನು ಎಂಬ ಮೂರನೆಯ ಅರ್ಥ ಇಂದಿನ ಬಳಕೆಯಲ್ಲಿ ಮುಂದಾಗಿ ನಿಂತಿದೆ.

ಈ ಮೂರು ಅರ್ಥಗಳನ್ನು ಬೆರೆಸಿದುದರಿಂದ ಆಗಿರುವ ಗೊಂದಲ ಸಣ್ಣದಲ್ಲ. ಮನುವಿನ ಅರ್ಥದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದಿರುವುದೇ ನಾಸ್ತಿಕತೆಯಾದರೆ ಜೈನರೊಡನೆ ನಿರೀಶ್ವರ ಸಾಂಖ್ಯರನ್ನೂ, ವೇದವನ್ನೇ ಪರಮಪ್ರಮಾಣವೆಂದು ನಂಬಿದ ಮೀಮಾಂಸಕರನ್ನೂ ಆ ಪಂಕ್ತಿಯಲ್ಲಿ ಕೂಡಿಸಬೇಕಾಗುತ್ತದೆ. ಜಿನಸೇನಾಚಾರ್ಯರು ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಸೃಷ್ಟಿಕರ್ತೃವಾದವನ್ನು ಯುಕ್ತಿಯಿಂದ ನಿರಾಕರಿಸಿದ ಭಾಗ ಪ್ರಸಿದ್ಧವೇ ಆಗಿದೆ. ಆದರೆ ಅದೇ ಜಿನಸೇನರು ಮುಂದಿನ ಪರ್ವದಲ್ಲಿ ಭೂತವಾದಿಯನ್ನು ಅಷ್ಟೇ ಕಟುವಾಗಿ ಎದುರಿಸುತ್ತಾರೆ. ಜೈನಗ್ರಂಥಗಳಲ್ಲಿ ನಾಸ್ತಿಕನೆಂದರೆ ಜೀವ, ಕರ್ಮಫಲ, ಪರಲೋಕಗಳನ್ನು ಅಲ್ಲಗಳೆಯುವವನು. ಪಾಣಿನಿಯ ವೃತ್ತಿಕಾರರ ಅರ್ಥಕ್ಕೆ ಇದು ಸಮೀಪವಾದುದು. ಅನ್ಯರಿಂದ ನಾಸ್ತಿಕರೆನಿಸಿಕೊಂಡವರು ತಾವು ನಾಸ್ತಿಕರೆಂದು ಕರೆದವರ ಮಾತನ್ನು ಬರೆದಿಟ್ಟರು. ಈ ಪರಂಪರೆಯ ಗ್ರಂಥಗಳನ್ನು ಓದುವಾಗ ಈ ಸಂಗತಿ ಮನಸ್ಸಿನಲ್ಲಿರಬೇಕು.

ಆಗಮಗಳ ಸಾಕ್ಷ್ಯ

ಅರ್ಧಮಾಗಧಿಯ ಸೂತ್ರಕೃತಾಂಗವು ಭೂತವಾದವನ್ನು ಹೇಳುವ ಅತಿ ಪ್ರಾಚೀನ ಗ್ರಂಥಗಳಲ್ಲಿ ಒಂದು. ಅದರ ಮೊದಲನೆಯ ಶ್ರುತಸ್ಕಂಧದ ಆರಂಭದಲ್ಲೇ ಪಂಚಭೂತಗಳಿಂದ ಆತ್ಮ ಉಂಟಾಗಿ ಅವುಗಳೊಡನೆ ನಾಶವಾಗುವುದೆಂಬ ಮತದ ಪ್ರಸ್ತಾಪವಿದೆ. ಎರಡನೆಯ ಶ್ರುತಸ್ಕಂಧದ ಪುಂಡರೀಕಾಧ್ಯಯನದಲ್ಲಿ 'ಅದೇ ಜೀವ, ಅದೇ ಶರೀರ' ಎಂಬ ವಾದ ವಿಸ್ತಾರವಾಗಿ ಬರುತ್ತದೆ. ಒರೆಯಿಂದ ಕತ್ತಿಯನ್ನು ಹಿರಿದು ಇದು ಕತ್ತಿ, ಇದು ಒರೆ ಎಂದು ತೋರಿಸುವಂತೆ ಶರೀರದಿಂದ ಆತ್ಮವನ್ನು ಬೇರ್ಪಡಿಸಿ ತೋರಿಸಿದವರು ಯಾರೂ ಇಲ್ಲವೆಂಬುದು ಅಲ್ಲಿಯ ವಾದಿಯ ಆಕ್ಷೇಪ. ಬೌದ್ಧರ ದೀಘನಿಕಾಯದಲ್ಲಿ ಅಜಿತ ಕೇಸಕಂಬಲಿಯ ಬಾಯಿಂದ ಬರುವ ಮತವೂ ಇದೇ ಜಾತಿಯದು. ಮಹಾವೀರ ಬುದ್ಧರ ಕಾಲದಲ್ಲಿ ಈ ವಾದ ಜನರ ನಡುವೆ ಜೀವಂತವಾಗಿತ್ತೆಂಬುದಕ್ಕೆ ಪರಸ್ಪರ ಭಿನ್ನವಾದ ಎರಡು ಪರಂಪರೆಗಳ ಈ ಏಕವಾಕ್ಯತೆ ಬಲವಾದ ಆಧಾರ.

ಇವೆಲ್ಲಕ್ಕಿಂತ ವಿವರವಾದುದು ಶ್ವೇತಾಂಬರರ ಉಪಾಂಗಗಳಲ್ಲಿ ಒಂದಾದ ರಾಯಪಸೇಣಿಯದಲ್ಲಿ ಬರುವ ಪಏಸಿ ರಾಜನ ವೃತ್ತಾಂತ. ಸೇಯವಿಯಾ ನಗರದ ಈ ಅರಸನು ಜೀವವೂ ಶರೀರವೂ ಒಂದೇ ಎಂದು ನಂಬಿದವನು. ಅವನ ಸಾರಥಿಯಾದ ಚಿತ್ತನು ಕುದುರೆಗಳನ್ನು ಪರೀಕ್ಷಿಸುವ ನೆಪದಲ್ಲಿ ಅವನನ್ನು ಪಾರ್ಶ್ವಪರಂಪರೆಯ ಕೇಶಿಕುಮಾರಶ್ರಮಣರ ಬಳಿಗೆ ಕರೆತರುತ್ತಾನೆ. ಅರಸನು ಕೇವಲ ಮಾತಿನಿಂದ ವಾದಿಸುವುದಿಲ್ಲ. ತಾನು ಮಾಡಿ ನೋಡಿದ ಪರೀಕ್ಷೆಗಳನ್ನು ಮುಂದಿಡುತ್ತಾನೆ. ಕಳ್ಳನೊಬ್ಬನನ್ನು ಕಬ್ಬಿಣದ ಕೊಪ್ಪರಿಗೆಯಲ್ಲಿ ಹಾಕಿ ಮುಚ್ಚಿ ಬೆಸುಗೆ ಹಾಕಿಸಿದೆನು. ಅವನು ಸತ್ತನು, ಆದರೆ ಜೀವವು ಹೊರಬಿದ್ದ ಬಿರುಕು ಕಾಣಲಿಲ್ಲ. ಇನ್ನೊಬ್ಬನನ್ನು ಜೀವವಿದ್ದಾಗಲೂ ಸತ್ತ ಮೇಲೂ ತೂಗಿಸಿದೆನು, ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಮತ್ತೊಬ್ಬನನ್ನು ತುಂಡುತುಂಡಾಗಿ ಸೀಳಿಸಿ ನೋಡಿದೆನು, ಜೀವವೆಲ್ಲಿಯೂ ಇರಲಿಲ್ಲ. ಪಾಪಿಯಾಗಿದ್ದ ಅಜ್ಜನು ನರಕದಿಂದಲೂ ಧರ್ಮಿಷ್ಠಳಾಗಿದ್ದ ಅಜ್ಜಿಯು ಸ್ವರ್ಗದಿಂದಲೂ ಬಂದು ಒಂದು ಮಾತು ಹೇಳಲಿಲ್ಲವೆಂಬುದು ಅವನ ಇನ್ನೊಂದು ಆಕ್ಷೇಪ.

ಕೇಶಿಶ್ರಮಣರು ಪ್ರತಿಯೊಂದಕ್ಕೂ ದೃಷ್ಟಾಂತದಿಂದ ಉತ್ತರ ಕೊಡುತ್ತಾರೆ. ಮುಚ್ಚಿದ ಮನೆಯೊಳಗೆ ಬಾರಿಸಿದ ಭೇರಿಯ ದನಿ ಗೋಡೆಯಲ್ಲಿ ಬಿರುಕಿಲ್ಲದೆಯೇ ಹೊರಗೆ ಕೇಳುತ್ತದೆ. ಗಾಳಿ ತುಂಬಿದ ತೊಗಲಚೀಲಕ್ಕೂ ಬರಿದಾದ ಚೀಲಕ್ಕೂ ತೂಕದಲ್ಲಿ ಭೇದ ಕಾಣದು. ಕಟ್ಟಿಗೆಯನ್ನು ಎಷ್ಟು ಸೀಳಿದರೂ ಅದರೊಳಗಿನ ಬೆಂಕಿ ಕಾಣದು. ಕೊನೆಗೆ ಅರಸನು ಶ್ರಾವಕನಾಗುತ್ತಾನೆ. ಪಾಲಿಯ ದೀಘನಿಕಾಯದಲ್ಲಿ ಪಾಯಾಸಿ ರಾಜನ್ಯನಿಗೂ ಕುಮಾರಕಸ್ಸಪನಿಗೂ ನಡೆದ ಸಂವಾದ ಬಹುಮಟ್ಟಿಗೆ ಇದೇ ಆಗಿರುವುದನ್ನು ವಿದ್ವಾಂಸರು ಬಹು ಹಿಂದೆಯೇ ಗುರುತಿಸಿದ್ದಾರೆ.

ಈ ಕಥೆಯಲ್ಲಿ ನಾಸ್ತಿಕನು ಸೋಲಲೇಬೇಕು. ಕಥೆಯ ಉದ್ದೇಶವೇ ಅದು. ಆದರೆ ಸೋಲುವವನ ವಾದವನ್ನು ದುರ್ಬಲಗೊಳಿಸಿ ಬರೆದಿಲ್ಲವೆಂಬುದು ಗಮನಾರ್ಹ. ಅರಸನ ಕ್ರೌರ್ಯವನ್ನು ಕಥೆಗಾರನು ಮರೆಮಾಚುವುದಿಲ್ಲ, ಆದರೆ ಅವನ ಪ್ರಶ್ನೆಯನ್ನೂ ಮರೆಮಾಚುವುದಿಲ್ಲ. ಇಂದಿನ ಓದುಗನಿಗೆ ತೊಗಲಚೀಲದ ದೃಷ್ಟಾಂತ ಒಪ್ಪಿಗೆಯಾಗದಿರಬಹುದು. ಗಾಳಿಗೂ ತೂಕವಿದೆಯೆಂಬುದು ಈಗ ಶಾಲೆಯ ಪಾಠ. ಉತ್ತರದ ಬಲವು ಕಾಲದೊಡನೆ ಕುಗ್ಗಿದರೂ ಪ್ರಶ್ನೆಯು ಕುಗ್ಗದೆ ಉಳಿದುಬಂದಿದ್ದರೆ, ಅದು ಪ್ರಶ್ನೆಯನ್ನು ಇದ್ದಂತೆ ಬರೆದವನ ಪ್ರಾಮಾಣಿಕತೆಗೆ ಸಾಕ್ಷಿ.

ಕನ್ನಡನಾಡಿನಲ್ಲಿ

ಇದೇ ಬಗೆಯ ವಾದ ಯಶೋಧರನ ಕಥೆಯ ಮೂಲಕ ಕನ್ನಡಕ್ಕೂ ಬಂದಿತು. 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ಚಂಡಕರ್ಮನೆಂಬ ತಳಾರನು ಅಕಂಪನಮುನಿಗಳೊಡನೆ ಜೀವ ಶರೀರಗಳ ವಿಷಯವಾಗಿ ಚರ್ಚಿಸುವ ಸಂದರ್ಭವಿದೆ. ಅರಸನ ಸ್ಥಾನದಲ್ಲಿ ಇಲ್ಲಿ ಕಳ್ಳರನ್ನು ಹಿಡಿಯುವ ಅಧಿಕಾರಿಯೇ ಬಂದಿರುವುದು ಔಚಿತ್ಯಪೂರ್ಣವಾಗಿದೆ.

ಇದಕ್ಕೂ ಮೊದಲು, 941ರಲ್ಲಿ, ಪಂಪನು ಜಿನಸೇನರನ್ನು ಅನುಸರಿಸಿ ಬರೆದ ಆದಿಪುರಾಣದಲ್ಲಿ ಮಹಾಬಲರಾಜನ ಆಸ್ಥಾನದ ಪ್ರಸಂಗವಿದೆ. ಅರಸನಿಗೆ ನಾಲ್ವರು ಮಂತ್ರಿಗಳು: ಮಹಾಮತಿ, ಸಂಭಿನ್ನಮತಿ, ಶತಮತಿ, ಸ್ವಯಂಬುದ್ಧ. ಜಿನಸೇನರ ಪ್ರಕಾರ ಮಹಾಮತಿಯು ಭೂತವಾದಿ, ಸಂಭಿನ್ನಮತಿಯು ವಿಜ್ಞಾನವಾದಿ, ಶತಮತಿಯು ನೈರಾತ್ಮ್ಯವಾದಿ, ಸ್ವಯಂಬುದ್ಧನೊಬ್ಬನೇ ಸಮ್ಯಗ್ದೃಷ್ಟಿ. ಅರಸನ ಮುಂದೆ ಈ ಮತಗಳೆಲ್ಲ ಮಂಡಿತವಾಗುತ್ತವೆ. ಮುಂದೆ ಮಹಾಮತಿ ಸಂಭಿನ್ನಮತಿಗಳು ನಿಗೋದಕ್ಕೂ ಶತಮತಿಯು ಎರಡನೆಯ ನರಕಕ್ಕೂ ಹೋದರೆಂದು ಪುರಾಣ ಹೇಳುತ್ತದೆ. ಮಹಾಬಲನ ಜೀವವೇ ಮುಂದೊಂದು ಭವದಲ್ಲಿ ಶ್ರೀಧರದೇವನಾಗಿ ಆ ನರಕಕ್ಕೆ ಹೋಗಿ ತನ್ನ ಹಳೆಯ ಮಂತ್ರಿಯಾದ ಶತಮತಿಗೆ ಬೋಧಿಸುತ್ತಾನೆ. ಮಿಥ್ಯಾದೃಷ್ಟಿಗೆ ವಿಧಿಸಿದ ಫಲ ಕಠಿನವಾದುದೇ. ಆದರೆ ಸಂವಾದದ ಬಾಗಿಲು ಅಲ್ಲಿಯೂ ಮುಚ್ಚಿಲ್ಲ.

ಸೋಮದೇವಸೂರಿಗಳ ನಿಲುವು ಇನ್ನೂ ಸೂಕ್ಷ್ಮವಾದುದು. ಪಂಪನ ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಮಗನ ಕಾಲದಲ್ಲಿ, 959ರಲ್ಲಿ, ಯಶಸ್ತಿಲಕ ಚಂಪುವನ್ನು ಮುಗಿಸಿದ ಈ ಆಚಾರ್ಯರು ಅಲ್ಲಿ ಚಾರ್ವಾಕಮತವನ್ನು ನಿರಾಕರಿಸುತ್ತಾರೆ. ಆದರೆ ತಮ್ಮ ನೀತಿವಾಕ್ಯಾಮೃತದಲ್ಲಿ ಕೌಟಿಲ್ಯನಂತೆ ಲೋಕಾಯತವನ್ನು ಆನ್ವೀಕ್ಷಿಕಿಯಲ್ಲಿ ಸೇರಿಸಿ, ಲೋಕಾಯತವನ್ನು ಬಲ್ಲ ಅರಸನು ರಾಷ್ಟ್ರಕಂಟಕರನ್ನು ನಿರ್ಮೂಲಮಾಡಬಲ್ಲನೆಂಬ ಅಭಿಪ್ರಾಯವನ್ನು ಕೊಡುತ್ತಾರೆ. ಮೋಕ್ಷಮಾರ್ಗಕ್ಕೆ ಹೊರತಾದುದು ರಾಜ್ಯವ್ಯವಹಾರಕ್ಕೆ ಉಪಯುಕ್ತವಾಗಬಹುದೆಂದು ಒಬ್ಬ ದಿಗಂಬರಮುನಿ ಒಪ್ಪಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಶ್ರವಣಬೆಳ್ಗೊಳದ ಶಾಸನಗಳಲ್ಲಿ ಆಚಾರ್ಯರನ್ನು ಹೊಗಳುವಾಗ ಅವರು ಬೌದ್ಧ, ನೈಯಾಯಿಕ, ಚಾರ್ವಾಕಾದಿ ವಾದಿಗಳನ್ನು ಗೆದ್ದರೆಂಬ ಪ್ರಶಸ್ತಿಗಳಿವೆ. ಇವುಗಳಿಂದ ಆ ಕಾಲದ ಕನ್ನಡನಾಡಿನಲ್ಲಿ ಚಾರ್ವಾಕರ ಸಂಘಗಳಿದ್ದುವೆಂದು ಊಹಿಸುವುದು ದುಡುಕಾದೀತು. ಪ್ರಶಸ್ತಿಗೆ ತನ್ನದೇ ಆದ ಸಂಪ್ರದಾಯವಿದೆ. ಪ್ರತಿವಾದಿಗಳ ಪಟ್ಟಿ ಆ ಸಂಪ್ರದಾಯದ ಅಂಗ. ವಾದವು ಓದಿನಲ್ಲಿ ಉಳಿದಿತ್ತೆಂಬುದಕ್ಕೆ ಅವು ಸಾಕ್ಷಿಯೇ ಹೊರತು ವಾದಿಗಳು ಊರಿನಲ್ಲಿದ್ದರೆಂಬುದಕ್ಕೆ ಅಲ್ಲ.

ಶಾಸ್ತ್ರಗ್ರಂಥಗಳ ಪೂರ್ವಪಕ್ಷ

ಎಂಟನೆಯ ಶತಮಾನದ ಹರಿಭದ್ರಸೂರಿಗಳ ಷಡ್ದರ್ಶನಸಮುಚ್ಚಯವು ದರ್ಶನಗಳನ್ನು ಖಂಡಿಸದೆ ಇದ್ದಂತೆ ಸಂಗ್ರಹಿಸಿ ಹೇಳುವ ಕಿರುಗ್ರಂಥ. ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಎಂದು ಆರನ್ನು ಹೇಳಿದ ಮೇಲೆ, ನ್ಯಾಯ ವೈಶೇಷಿಕಗಳನ್ನು ಒಂದೇ ಎಂದು ಎಣಿಸುವವರಿಗೆ ಆರನೆಯದನ್ನು ತುಂಬಲು ಲೋಕಾಯತವನ್ನು ಸೇರಿಸುತ್ತಾರೆ. ಹೀಗೆ ಸೇರಿಸಿದುದು ಸಂಖ್ಯಾಪೂರ್ತಿಗಾಗಿ ಎಂದು ತೋರಿದರೂ ಪರಿಣಾಮ ದೊಡ್ಡದು: ಲೋಕಾಯತವು ದರ್ಶನವೆಂಬ ಗೌರವದ ಪಂಕ್ತಿಯಲ್ಲಿ ಒಂದು ಎಡೆ ಪಡೆಯಿತು. ಅದೇ ಹರಿಭದ್ರರು ಶಾಸ್ತ್ರವಾರ್ತಾಸಮುಚ್ಚಯದಲ್ಲಿ ಭೂತಚೈತನ್ಯವಾದವನ್ನು ಮೊದಲಿಗೇ ಎತ್ತಿಕೊಂಡು ನಿರಾಕರಿಸಿದ್ದಾರೆ. ಹೇಳುವ ಜಾಗದಲ್ಲಿ ಹೇಳಿ, ಖಂಡಿಸುವ ಜಾಗದಲ್ಲಿ ಖಂಡಿಸಿದ ಈ ವಿವೇಕ ಅನುಕರಣೀಯವಾದುದು.

ಎಲ್ಲರೂ ಆ ವಿವೇಕವನ್ನು ಪಾಲಿಸಲಿಲ್ಲ. ಸುಮಾರು 1400ರ ಹೊತ್ತಿಗೆ ಷಡ್ದರ್ಶನಸಮುಚ್ಚಯಕ್ಕೆ ವಿಸ್ತಾರವಾದ ವ್ಯಾಖ್ಯೆ ಬರೆದ ಗುಣರತ್ನಸೂರಿಗಳು ಚಾರ್ವಾಕರನ್ನು ಭಸ್ಮಲೇಪನ ಮಾಡಿಕೊಳ್ಳುವ ಕಾಪಾಲಿಕರೊಡನೆ ಸೇರಿಸಿ, ಅವರ ಆಚಾರದ ಬಗ್ಗೆ ಹೇಯವಾದ ಮಾತುಗಳನ್ನು ಬರೆದಿದ್ದಾರೆ. ಭೂತಗಳ ಹೊರತು ಬೇರೇನನ್ನೂ ಒಪ್ಪದವನು ಕಾಪಾಲಿಕನ ವ್ರತವನ್ನು ಏಕೆ ಹಿಡಿದಾನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆದರೆ ಅದೇ ವ್ಯಾಖ್ಯೆಯಲ್ಲಿ ಚಾರ್ವಾಕರಲ್ಲಿಯೇ ಕೆಲವರು ಆಕಾಶವನ್ನು ಐದನೆಯ ಭೂತವಾಗಿ ಒಪ್ಪುತ್ತಿದ್ದರೆಂಬ ಸಂಗತಿ ದೊರೆಯುತ್ತದೆ. ಸೂತ್ರಕೃತಾಂಗದ ಪಂಚಭೂತವಾದವನ್ನು ನೆನೆದರೆ ಇದು ಕಟ್ಟುಕತೆಯಲ್ಲವೆಂದು ತಿಳಿಯುತ್ತದೆ. ಒಂದೇ ಗ್ರಂಥದಲ್ಲಿ ಕೇಳಿಬಂದ ನಿಂದೆಯೂ ಪರಂಪರೆಯಿಂದ ಬಂದ ತಥ್ಯವೂ ಅಕ್ಕಪಕ್ಕದಲ್ಲಿರಬಹುದು.

ಚಾರ್ವಾಕರು ಅನುಮಾನಪ್ರಮಾಣವನ್ನು ಪೂರ್ತಿಯಾಗಿ ತಿರಸ್ಕರಿಸಿದರೆಂಬುದು ಪಾಠಶಾಲೆಗಳಲ್ಲಿ ರೂಢವಾದ ಮಾತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸದವನು ಅಡುಗೆಯನ್ನಾದರೂ ಹೇಗೆ ಮಾಡಿಯಾನು ಎಂದು ಅವರನ್ನು ನಗೆಗೀಡುಮಾಡುವುದು ಸುಲಭ. ಆದರೆ ಬೌದ್ಧಾಚಾರ್ಯ ಕಮಲಶೀಲನು ತತ್ತ್ವಸಂಗ್ರಹದ ಪಂಜಿಕೆಯಲ್ಲಿ ಪುರಂದರನ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಲೋಕದಲ್ಲಿ ಪ್ರಸಿದ್ಧವಾದ ಅನುಮಾನವನ್ನು ಚಾರ್ವಾಕರೂ ಒಪ್ಪುತ್ತಾರೆ; ಲೋಕದ ಎಲ್ಲೆಯನ್ನು ದಾಟಿ, ಕಾಣದ ಪರಲೋಕಾದಿಗಳನ್ನು ಸಾಧಿಸಲು ಬಳಸುವ ಅನುಮಾನವನ್ನು ಮಾತ್ರ ಒಪ್ಪುವುದಿಲ್ಲ ಎಂಬುದು ಅದರ ತಾತ್ಪರ್ಯ. ಈ ಒಂದು ಉಲ್ಲೇಖದಿಂದ ಲೋಕಾಯತದ ಚಿತ್ರವೇ ಬದಲಾಗುತ್ತದೆ. ಈ ತತ್ತ್ವಸಂಗ್ರಹವಾದರೂ ಉಳಿದುದು ಎಲ್ಲಿ? ಅದರ ಸಂಸ್ಕೃತ ಮೂಲದ ಪ್ರತಿಗಳು ದೊರೆತದ್ದು ಪಾಟಣ ಮತ್ತು ಜೈಸಲ್ಮೇರಿನ ಜೈನಭಂಡಾರಗಳಲ್ಲಿ. ಬರೋಡದಿಂದ 1926ರಲ್ಲಿ ಅದು ಮುದ್ರಿತವಾಯಿತು. ಬೌದ್ಧನೊಬ್ಬನು ಉದ್ಧರಿಸಿದ ಚಾರ್ವಾಕನ ಮಾತು ಜೈನರ ಕಪಾಟಿನಲ್ಲಿ ಉಳಿದಿತ್ತು.

ಉದ್ಭಟನ ವಿಷಯವೂ ಹೀಗೆಯೇ. ಜಯಂತಭಟ್ಟನು ನ್ಯಾಯಮಂಜರಿಯಲ್ಲಿ ಹೆಸರು ಹೇಳದೆ ಪರಿಹಾಸ್ಯಮಾಡಿದ ಚಾರ್ವಾಕನು ಉದ್ಭಟನೆಂದು ತಿಳಿದುಬಂದುದು ಚಕ್ರಧರನ ನ್ಯಾಯಮಂಜರೀಗ್ರಂಥಿಭಂಗದಿಂದ. ಈ ವ್ಯಾಖ್ಯೆ ಅಹಮದಾಬಾದಿನಲ್ಲಿ ನಗೀನ್ ಷಾ ಅವರಿಂದ ಸಂಪಾದಿತವಾಗಿ 1972ರಲ್ಲಿ ಪ್ರಕಟವಾಗುವವರೆಗೆ ವಿದ್ವಲ್ಲೋಕಕ್ಕೆ ಸುಲಭವಾಗಿ ದೊರೆಯುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ವಾದಿದೇವಸೂರಿಗಳೂ ಸ್ಯಾದ್ವಾದರತ್ನಾಕರದಲ್ಲಿ ಉದ್ಭಟನ ಹೆಸರೆತ್ತಿ ಅವನ ಅಭಿಪ್ರಾಯವನ್ನು ಚರ್ಚಿಸಿದ್ದಾರೆ.

ಒಂದು ಪಾಠಾಂತರ

'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎಂಬುದು ಕನ್ನಡದಲ್ಲಿ ಗಾದೆಯಂತೆಯೇ ಬಳಕೆಯಲ್ಲಿರುವ ಮಾತು. ಚಾರ್ವಾಕನೆಂದೊಡನೆ ಎಲ್ಲರಿಗೂ ನೆನಪಾಗುವುದು ಇದೇ. ಇದಕ್ಕೆ ಆಧಾರವಾದ ಶ್ಲೋಕವು ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ರಚಿತವಾದ ಸರ್ವದರ್ಶನಸಂಗ್ರಹದ ಚಾರ್ವಾಕಪ್ರಕರಣದ ಕೊನೆಯಲ್ಲಿದೆ. ಬದುಕಿರುವವರೆಗೆ ಸುಖವಾಗಿ ಬದುಕಬೇಕೆಂಬ ಮೊದಲ ಮಾತಿನ ಬೆನ್ನಿಗೆ ಅಲ್ಲಿ ಸಾಲದ ಮತ್ತು ತುಪ್ಪದ ಮಾತು ಬರುತ್ತದೆ.

ಆದರೆ ಅದೇ ಪ್ರಕರಣದ ಆರಂಭದಲ್ಲಿ ಅದೇ ಶ್ಲೋಕ ಇನ್ನೊಂದು ರೂಪದಲ್ಲಿದೆ. ಅಲ್ಲಿ ತುಪ್ಪವೂ ಇಲ್ಲ, ಸಾಲವೂ ಇಲ್ಲ. ಆ ಸ್ಥಾನದಲ್ಲಿ ಮೃತ್ಯುವಿನ ಕೈಗೆ ಸಿಕ್ಕದುದು ಯಾವುದೂ ಇಲ್ಲವೆಂಬ ಗಂಭೀರವಾದ ಮಾತಿದೆ. ಒಂಬತ್ತನೆಯ ಶತಮಾನದ ಜಯಂತಭಟ್ಟನಲ್ಲಿಯೂ ಹತ್ತನೆಯ ಶತಮಾನದ ಸೋಮದೇವಸೂರಿಗಳ ಯಶಸ್ತಿಲಕದಲ್ಲಿಯೂ ಕಾಣುವುದು ಈ ಮೃತ್ಯುವಿನ ಪಾಠವೇ. ಲೋಕಾಯತದ ಅವಶೇಷಗಳನ್ನು ಸಂಗ್ರಹಿಸಿ ಪರಿಶೀಲಿಸಿದ ರಾಮಕೃಷ್ಣ ಭಟ್ಟಾಚಾರ್ಯರು ಈ ಪಾಠಭೇದವನ್ನು ವಿಸ್ತಾರವಾಗಿ ಚರ್ಚಿಸಿ, ತುಪ್ಪದ ಪಾಠವು ಅನಂತರದ ತಿದ್ದುಪಡಿಯೆಂದು ನಿರ್ಣಯಿಸಿದ್ದಾರೆ.

ಎರಡು ಪಾಠಗಳ ನಡುವಣ ಅಂತರ ಒಂದು ಪಾದದಷ್ಟೇ. ಆದರೆ ಅರ್ಥದಲ್ಲಿ ಅಜಗಜಾಂತರ. ಒಂದರಲ್ಲಿ ಮರಣದ ಎದುರು ನಿಂತ ಮನುಷ್ಯನಿದ್ದಾನೆ. ಇನ್ನೊಂದರಲ್ಲಿ ಹೊಟ್ಟೆಬಾಕನೂ ಸಾಲಗಾರನೂ ಆದವನಿದ್ದಾನೆ. ವಿರೋಧಿಯನ್ನು ಗೆಲ್ಲಲು ಯುಕ್ತಿ ಬೇಕು. ನಗೆಗೀಡುಮಾಡಲು ಒಂದು ಪಾದವನ್ನು ಬದಲಿಸಿದರೆ ಸಾಕು. ಶತಮಾನಗಳ ಕಾಲ ಒಂದು ಮತದ ಹೆಸರಿಗೆ ಅಂಟಿದ ಕಲಂಕಕ್ಕೆ ಕಾರಣ ಒಂದು ಪಾಠಾಂತರವೆಂಬುದು ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳು ಮರೆಯಬಾರದ ಸಂಗತಿ. ಈ ಕಲಂಕವನ್ನು ತೊಡೆಯಲು ನೆರವಾದ ಸಾಕ್ಷ್ಯಗಳಲ್ಲಿ ಜೈನಾಚಾರ್ಯರ ಗ್ರಂಥವೂ ಒಂದೆಂಬುದು ಸಂತೋಷದ ವಿಷಯ.

ತತ್ತ್ವೋಪಪ್ಲವಸಿಂಹ

ಇದುವರೆಗೆ ಹೇಳಿದ್ದು ಪರರ ಗ್ರಂಥಗಳಲ್ಲಿ ಉಳಿದ ಮಾತುಗಳ ವಿಷಯ. ಈ ಪರಂಪರೆಗೆ ಸೇರಿದ ಸ್ವತಂತ್ರ ಗ್ರಂಥವೊಂದು ಇಡಿಯಾಗಿ ದೊರೆಯಬಹುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ತತ್ತ್ವೋಪಪ್ಲವವಾದಿಯೆಂಬ ಪ್ರತಿಪಕ್ಷಿಯ ಹೆಸರು ಮಾತ್ರ ಪಂಡಿತರಿಗೆ ಪರಿಚಿತವಾಗಿತ್ತು. ದಕ್ಷಿಣದ ದಿಗಂಬರ ತಾರ್ಕಿಕರಾದ ವಿದ್ಯಾನಂದಸ್ವಾಮಿಗಳು ಅಷ್ಟಸಹಸ್ರೀ ಮತ್ತು ತತ್ತ್ವಾರ್ಥಶ್ಲೋಕವಾರ್ತಿಕಗಳಲ್ಲಿ ಅವನನ್ನು ಹೆಸರಿಸಿ ಎದುರಿಸಿದ್ದರು. ಗ್ರಂಥ ಎಲ್ಲಿ ಹೋಯಿತೆಂಬುದು ತಿಳಿದಿರಲಿಲ್ಲ.

1926ರಲ್ಲಿ ಗುಜರಾತಿನ ಪಾಟಣದ ಜೈನಭಂಡಾರದಲ್ಲಿ ತತ್ತ್ವೋಪಪ್ಲವಸಿಂಹದ ಒಂದು ತಾಳೆಯೋಲೆಯ ಪ್ರತಿ ದೊರೆಯಿತು. ಅದರ ಕರ್ತೃ ಜಯರಾಶಿಭಟ್ಟ. ಪ್ರತಿಯು ವಿಕ್ರಮ ಸಂವತ್ 1349ರಲ್ಲಿ, ಎಂದರೆ ಸುಮಾರು ಕ್ರಿ.ಶ. 1292ರಲ್ಲಿ, ಗುಜರಾತಿನ ಧೋಳಕಾದಲ್ಲಿ ಬರೆದುದು. ಪಂಡಿತ ಸುಖಲಾಲಜೀ ಸಂಘವಿ ಮತ್ತು ರಸಿಕಲಾಲ ಪರೀಖರು ಅದನ್ನು ಪರಿಷ್ಕರಿಸಿ 1940ರಲ್ಲಿ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ 87ನೆಯ ಸಂಪುಟವಾಗಿ ಪ್ರಕಟಿಸಿದರು. ಹದಿನಾರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಎರಡೂ ಕಣ್ಣುಗಳನ್ನು ಕಳೆದುಕೊಂಡ ಸುಖಲಾಲಜೀ ಓಲೆಯ ಅಕ್ಷರಗಳನ್ನು ಕಣ್ಣಿಂದ ಕಂಡವರಲ್ಲ. ಓದಿಸಿ, ಕೇಳಿ, ಶಾಸ್ತ್ರಬಲದಿಂದ ಪಾಠವನ್ನು ನಿರ್ಣಯಿಸಿದವರು. ಪ್ರತ್ಯಕ್ಷವನ್ನೇ ಪ್ರಮಾಣವೆನ್ನುವ ಪಂಥದ ಗ್ರಂಥವನ್ನು ಲೋಕಕ್ಕೆ ಕೊಟ್ಟ ಈ ಇಬ್ಬರಲ್ಲಿ ಒಬ್ಬರು ಕಣ್ಣಿಲ್ಲದ ಜೈನಪಂಡಿತರೆಂಬುದು ಸ್ಮರಣೀಯ.

ಗ್ರಂಥದ ಸ್ವರೂಪ ಅಪೂರ್ವವಾದುದು. 'ತತ್ತ್ವಗಳನ್ನು ಬುಡಮೇಲುಮಾಡುವ ಸಿಂಹ' ಎಂಬುದು ಅದರ ಹೆಸರಿನ ಅರ್ಥ. ನೈಯಾಯಿಕರ, ಮೀಮಾಂಸಕರ, ಬೌದ್ಧರ, ಸಾಂಖ್ಯರ ಪ್ರಮಾಣಲಕ್ಷಣಗಳನ್ನು ಜಯರಾಶಿಯು ಒಂದೊಂದಾಗಿ ಎತ್ತಿಕೊಂಡು ಯಾವುದೂ ನಿಲ್ಲದೆಂದು ತೋರಿಸುತ್ತಾನೆ. ಪ್ರಮಾಣ ನಿಲ್ಲದಿದ್ದರೆ ಪ್ರಮೇಯ ನಿಲ್ಲದು. ಆದುದರಿಂದ ತತ್ತ್ವವೆಂಬುದೇ ಸಿದ್ಧವಾಗದು. ಬೃಹಸ್ಪತಿಯು ಹೇಳಿದ ನಾಲ್ಕು ಭೂತಗಳ ಗತಿಯೇನೆಂದು ಕೇಳಿದರೆ, ಅದು ಲೋಕರೂಢಿಯ ಅನುವಾದವೇ ಹೊರತು ಸಿದ್ಧಾಂತವಲ್ಲವೆಂದು ಅವನ ಸಮಾಧಾನ. ದೇವಗುರುವಿಗೂ ಹೊಳೆಯದ ವಿಕಲ್ಪಗಳು ತನಗೆ ಹೊಳೆದಿವೆಯೆಂಬ ಹೆಮ್ಮೆಯೂ ಅವನಿಗಿದೆ. ಈ ಕಾರಣದಿಂದ ಅವನನ್ನು ಚಾರ್ವಾಕನೆನ್ನಬೇಕೇ, ಸಂಶಯವಾದಿಯೆನ್ನಬೇಕೇ ಎಂಬ ಚರ್ಚೆ ನಡೆದಿದೆ. ಸಂಪಾದಕರು ಅವನನ್ನು ಎಂಟನೆಯ ಶತಮಾನಕ್ಕೆ ಸೇರಿಸಿದರು. 1987ರಲ್ಲಿ ಗ್ರಂಥದ ಮೇಲೆ ವಿಸ್ತೃತ ಅಧ್ಯಯನ ಪ್ರಕಟಿಸಿದ ಏಲಿ ಫ್ರಾಂಕೋ ಅವರು ಅವನು ಎಂಟನೆಯ ಶತಮಾನದ ಉತ್ತರಾರ್ಧದಿಂದ ಒಂಬತ್ತನೆಯದರ ಆದಿಭಾಗದವರೆಗೆ ಇದ್ದಿರಬಹುದೆಂದು ಭಾವಿಸಿದ್ದಾರೆ.

ಜಯರಾಶಿಯು ಆತ್ಮಸಿದ್ಧಿಯನ್ನು ನಿರಾಕರಿಸುವಾಗ ಜೈನರ ಪಕ್ಷವನ್ನೂ ಬಿಟ್ಟಿಲ್ಲ. ಆ ಗ್ರಂಥವನ್ನೇ ಜೈನಭಂಡಾರವು ಆರು ಶತಮಾನಗಳಿಗೂ ಹೆಚ್ಚು ಕಾಲ ಹುಳದಿಂದಲೂ ತೇವದಿಂದಲೂ ಕಾಪಾಡಿತು.

ಉಳಿವಿನ ಕಾರಣ

ಲೋಕಾಯತದ ಗ್ರಂಥಗಳು ಏಕೆ ಅಳಿದುವೆಂಬುದಕ್ಕೆ ವಿರೋಧಿಗಳು ಅವನ್ನು ಸುಟ್ಟರೆಂಬ ಉತ್ತರವನ್ನು ಕೆಲವರು ಕೊಡುವುದುಂಟು. ಅದಕ್ಕೆ ಬಲವಾದ ಆಧಾರವಿಲ್ಲ. ಅದರ ಅಗತ್ಯವೂ ಇಲ್ಲ. ಓಲೆಗರಿಯ ಆಯುಸ್ಸು ಕೆಲವು ಶತಮಾನಗಳು ಮಾತ್ರ. ಪುನಃಪುನಃ ಪ್ರತಿಮಾಡುವವರಿದ್ದರೆ ಗ್ರಂಥ ಉಳಿಯುತ್ತದೆ. ಇಲ್ಲದಿದ್ದರೆ ಯಾರ ದ್ವೇಷವೂ ಇಲ್ಲದೆ ತಾನಾಗಿ ಅಳಿಯುತ್ತದೆ. ಪ್ರತಿಮಾಡುವುದಕ್ಕೆ ಲಿಪಿಕಾರನ ಜೀವನ, ಓಲೆಯ ವೆಚ್ಚ, ಇಡುವ ಸ್ಥಳ ಬೇಕು. ಜೈನರಲ್ಲಿ ಶಾಸ್ತ್ರದಾನವು ಚತುರ್ವಿಧ ದಾನಗಳಲ್ಲಿ ಒಂದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಉದಾಹರಣೆ ಕನ್ನಡಿಗರಿಗೆ ಹೊಸದಲ್ಲ. ಪುಣ್ಯದ ನಂಬಿಕೆಯೇ ಗ್ರಂಥರಕ್ಷಣೆಯ ಯಂತ್ರವಾಗಿತ್ತು. ಪುಣ್ಯವನ್ನೂ ಪರಲೋಕವನ್ನೂ ನಂಬದವನಿಗೆ ಬಸದಿಯಿಲ್ಲ, ಮಠವಿಲ್ಲ, ಜ್ಞಾನಪಂಚಮಿಯಿಲ್ಲ. ತೀರಿಹೋದ ತಾಯಿಯ ಪುಣ್ಯಾರ್ಥವಾಗಿ ಬೃಹಸ್ಪತಿಯ ಸೂತ್ರವನ್ನು ಬರೆಯಿಸಿಕೊಡುವ ಶ್ರಾವಕಿಯೂ ಇಲ್ಲ. ಹೀಗಾಗಿ ಅವನ ಗ್ರಂಥ ಉಳಿಯಬೇಕಾದರೆ ನಂಬಿದವನೇ ಅದನ್ನು ಬರೆಯಿಸಬೇಕಾಯಿತು.

ನಂಬಿದವನು ಏಕೆ ಬರೆಯಿಸಿದನು? ಮೊದಲ ಕಾರಣ ಉಪಯೋಗ. ವಾದಸಭೆಯಲ್ಲಿ ಎದುರಾಳಿಯ ಮಾತನ್ನು ತಪ್ಪಾಗಿ ಹೇಳುವವನು ಆ ಕ್ಷಣದಲ್ಲೇ ಸೋಲುತ್ತಾನೆ. ಜಯರಾಶಿಯು ಬೌದ್ಧರನ್ನೂ ನೈಯಾಯಿಕರನ್ನೂ ಖಂಡಿಸಿದ ಯುಕ್ತಿಗಳು ಜೈನ ತಾರ್ಕಿಕರಿಗೂ ಆಯುಧಗಳಾಗಿ ಒದಗಿದುವು. ಎರಡನೆಯ ಕಾರಣ ಜೈನದರ್ಶನದ ಸ್ವರೂಪದಲ್ಲೇ ಇದೆ. ನಯವಾದದ ದೃಷ್ಟಿಯಲ್ಲಿ ಅನ್ಯಮತಗಳು ಏಕಾಂತವಾಗಿ ಹಿಡಿದ ಅಂಶಗಳು. ವಾದಿದೇವಸೂರಿಗಳು ಚಾರ್ವಾಕದರ್ಶನವನ್ನು ವ್ಯವಹಾರಾಭಾಸಕ್ಕೆ ಉದಾಹರಣೆಯಾಗಿ ಕೊಟ್ಟಿದ್ದಾರೆ. ಆಭಾಸವೆಂದರೂ ಅದಕ್ಕೆ ನಯಗಳ ಕೋಷ್ಟಕದಲ್ಲಿ ಒಂದು ಸ್ಥಾನ ದೊರೆಯಿತು. ಸ್ಥಾನವಿದ್ದುದನ್ನು ಅಳಿಸಿಹಾಕಿದರೆ ಕೋಷ್ಟಕವೇ ಅಪೂರ್ಣವಾಗುತ್ತದೆ.

ಇದನ್ನು ಇಂದಿನ ಅರ್ಥದ ಉದಾರತೆಯೆಂದು ಹೊಗಳಿ ಮುಗಿಸುವುದು ಸರಿಯಲ್ಲ. ಪಂಥದ ಅಭಿಮಾನವೂ ನಿಂದೆಯೂ ಈ ಗ್ರಂಥಗಳಲ್ಲಿ ಬೇಕಾದಷ್ಟಿವೆ. ಆದರೆ ಲಿಪಿಕಾರನ ಒಂದು ಧರ್ಮವಿದೆ: ಕಂಡುದನ್ನು ಕಂಡಂತೆ ಬರೆಯುವುದು. ಓಲೆಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಹೇಳಿಕೊಳ್ಳುವ ಈ ಮಾತು ತನ್ನ ಮತದ ಗ್ರಂಥಕ್ಕೆ ಮಾತ್ರ ಅನ್ವಯಿಸುವಂತಹುದಲ್ಲ. ಧೋಳಕಾದ ಲಿಪಿಕಾರನು ಜಯರಾಶಿಯ ಮಾತನ್ನು ಒಪ್ಪಿದನೋ ಇಲ್ಲವೋ, ಅವನು ಬರೆದುದರಿಂದಲೇ ಆ ಗ್ರಂಥ ಇಂದು ಇದೆ.

ಇದರಿಂದ ಸಂಪಾದಕರಿಗೆ ಒದಗುವ ಕರ್ತವ್ಯ ಸ್ಪಷ್ಟವಾಗಿದೆ. ನ್ಯಾಯಗ್ರಂಥಗಳನ್ನು ಪರಿಷ್ಕರಿಸುವಾಗ ಸಿದ್ಧಾಂತಭಾಗ ಪಡೆಯುವ ಗಮನವನ್ನು ಪೂರ್ವಪಕ್ಷಭಾಗವೂ ಪಡೆಯಬೇಕು. ಅಲ್ಲಿಯ ಪಾಠಾಂತರಗಳನ್ನು ನಗಣ್ಯವೆಂದು ಬಿಡಬಾರದು. ಪ್ರಸಿದ್ಧಪಾಠಕ್ಕೆ ಹೊಂದುವಂತೆ ತಿದ್ದಲೂಬಾರದು. ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿರುವ ಅಕಲಂಕ, ವಿದ್ಯಾನಂದ, ಪ್ರಭಾಚಂದ್ರರ ಗ್ರಂಥಗಳ ಪ್ರತಿಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಹೋಲಿಸಿ ನೋಡುವುದು ಯುಕ್ತ. ತನ್ನ ಮಾತನ್ನು ತಾನೇ ಕಾಪಾಡಿಕೊಳ್ಳಲಾರದೆ ಹೋದ ವಾದಿಯ ಸಾಕ್ಷ್ಯ ಅವನ ಪ್ರತಿವಾದಿಯ ಕೈಯಲ್ಲಿದೆ. ಅದರಲ್ಲಿ ಒಂದಕ್ಷರ ವ್ಯತ್ಯಾಸವಾದರೆ ಬಂದು ಆಕ್ಷೇಪಿಸಲು ಅವನ ಕಡೆಯವರು ಯಾರೂ ಇಲ್ಲ.